ತಿಂಗಳಿಗೊಂದು ಬೆಳಗು

ಜಾಲತಾಣ ಕಟ್ಟಲು ಹೊರಟವರು ಎಲ್ಲಕ್ಕಿಂತ ಮೊದಲು ಗೊತ್ತುಮಾಡಬೇಕಾದದ್ದು ಪರೀಕ್ಷೆಯ ದಿನ. ಏನನ್ನು ಪರೀಕ್ಷಿಸುವುದೆಂದು ಆಮೇಲೆ ಯೋಚಿಸಬಹುದು. ದಿನ ನಿಗದಿಯಾಗಿದ್ದರೆ ತೋರಿಸಲು ಏನಾದರೂ ಒಂದು ಸಿದ್ಧವಾಗಿಯೇ ಆಗುತ್ತದೆ. ‘ಎಲ್ಲ ಮುಗಿಯಲಿ, ಆಮೇಲೆ ಜನರನ್ನು ಕರೆಯೋಣ’ ಎಂದವರಿಗೆ ಆ ಆಮೇಲೆ ಬರುವುದೇ ಇಲ್ಲ.

*

ಕೊನೆಯಲ್ಲಿ ಮಾಡುವ ಪರೀಕ್ಷೆಯಲ್ಲೂ ತಪ್ಪು ಕಾಣುತ್ತದೆ. ಅಷ್ಟು ಹೊತ್ತಿಗೆ ತಿದ್ದುವ ದುಡ್ಡು, ವೇಳೆ, ಮನಸ್ಸು ಮೂರೂ ಮುಗಿದಿರುತ್ತವೆ.

*

ತಿಂಗಳಿಗೊಂದು ಬೆಳಗು, ಮೂವರು ಬಳಕೆದಾರರು, ಮಧ್ಯಾಹ್ನ ಊಟಕ್ಕೆ ಕೂತಾಗ ಏನನ್ನು ತಿದ್ದುವುದೆಂಬ ತೀರ್ಮಾನ. ಅಮೆರಿಕದ ಸ್ಟೀವ್ ಕ್ರುಗ್ ಹೇಳಿಕೊಟ್ಟ ಕ್ರಮ ಇಷ್ಟೇ. ವರ್ಷಕ್ಕೊಮ್ಮೆ ದೊಡ್ಡದಾಗಿ ನಡೆಸುವ ಪರೀಕ್ಷೆಗೆ ಟೆಂಡರ್ ಬೇಕು, ಮಂಜೂರಾತಿ ಬೇಕು, ದಪ್ಪನೆಯ ವರದಿ ಬೇಕು. ಈ ಬೆಳಗಿಗೆ ಬೇಕಾದದ್ದು ಒಂದು ಕೋಣೆ, ಒಂದು ಮೊಬೈಲ್, ಬಂದವರ ಕೈಗೆ ಕೊಡಲು ಸಣ್ಣ ಗೌರವಧನ. ಮುಂದೂಡಲು ನೆಪ ಸಿಗದಷ್ಟು ಚಿಕ್ಕದಾಗಿರುವುದೇ ಅದರ ಶಕ್ತಿ.

*

ಮೂವರೇ ಸಾಕೇ ಎಂದು ಕೇಳುವವರು ಮುಂದಿನ ತಿಂಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ವರ್ಷ ಕಳೆಯುವಷ್ಟರಲ್ಲಿ 36 ಜನ ಪರೀಕ್ಷೆಯ ಕುರ್ಚಿಯಲ್ಲಿ ಕೂತು ಎದ್ದಿರುತ್ತಾರೆ. ಒಬ್ಬೊಬ್ಬರ ಎದುರಿಗೂ ಹಿಂದಿನ ತಿಂಗಳಿಗಿಂತ ಒಂದಿಷ್ಟು ನೇರ್ಪಾದ ಪುಟ ಬಂದಿರುತ್ತದೆ.

*

ನಾನು ಇಲ್ಲಿ ಮನಸ್ಸಿನಲ್ಲಿಟ್ಟುಕೊಂಡಿರುವುದು ಜಾತಿ–ಆದಾಯ ಪ್ರಮಾಣಪತ್ರ, ಪಹಣಿ, ಪಿಂಚಣಿಗೆ ಅರ್ಜಿ ಹಾಕುವಂಥ ತಾಣಗಳನ್ನು. ಸೀರೆ ಮಾರುವ ತಾಣ ತೊಡಕೆನಿಸಿದರೆ ಜನ ಬೇರೆ ತಾಣಕ್ಕೆ ಹೋಗುತ್ತಾರೆ. ಮಾರುವವನಿಗೆ ಅವತ್ತೇ ನಷ್ಟ ಗೊತ್ತಾಗುತ್ತದೆ. ಪ್ರಮಾಣಪತ್ರಕ್ಕೆ ಇನ್ನೊಂದು ಅಂಗಡಿ ಇಲ್ಲ. ಜನ ಸಹಿಸಿಕೊಳ್ಳುತ್ತಾರೆ, ಯಾರಿಗೋ ದುಡ್ಡು ಕೊಟ್ಟು ಮಾಡಿಸಿಕೊಳ್ಳುತ್ತಾರೆ, ಇಲ್ಲವೇ ಸ್ಕಾಲರ್‌ಶಿಪ್ಪನ್ನೇ ಬಿಟ್ಟುಬಿಡುತ್ತಾರೆ. ತಾಣ ನಡೆಸುವವರಿಗೆ ಯಾವ ಸದ್ದೂ ಕೇಳಿಸುವುದಿಲ್ಲ. ಆ ಸದ್ದನ್ನು ನಾವಾಗಿಯೇ ಹೋಗಿ ಕೇಳಿಸಿಕೊಳ್ಳಬೇಕು.

*

1993ರಲ್ಲಿ ಬಳಕೆಯ ಪರೀಕ್ಷೆಯ ಸಂಶೋಧಕರಾದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ ಒಂದು ಲೆಕ್ಕ ಕೊಟ್ಟರು. ಒಬ್ಬ ಬಳಕೆದಾರ ಸರಾಸರಿ ಶೇ 31ರಷ್ಟು ತೊಡಕುಗಳನ್ನು ಬಯಲಿಗೆ ತರುತ್ತಾನೆಂದು ಹಿಡಿದರೆ, ಐವರು ಸೇರುವಷ್ಟರಲ್ಲಿ ಶೇ 85ರಷ್ಟು ಕಂಡಿರುತ್ತವೆ. 2000ದಲ್ಲಿ ನೀಲ್ಸನ್ ಇದನ್ನೇ ಬಿಡಿಸಿ ಬರೆದಾಗ ‘ಐವರು ಸಾಕು’ ಎಂಬ ಮಾತು ಎಲ್ಲರ ಬಾಯಲ್ಲೂ ನಿಂತಿತು. ಅದೇ ಲೇಖನದ ಇನ್ನೊಂದು ಮಾತು ಅಷ್ಟು ಹರಡಲಿಲ್ಲ: ಹದಿನೈದು ಜನರನ್ನು ಕರೆಸುವ ಶಕ್ತಿಯಿದ್ದರೆ ಎಲ್ಲರನ್ನೂ ಒಮ್ಮೆಗೇ ಕೂರಿಸಬೇಡಿ, ಐವರಂತೆ ಮೂರು ಸಲ ಕೂರಿಸಿ, ನಡುವೆ ತಿದ್ದಿ. ಲೇಖನದ ತಿರುಳು ಆ ‘ಮೂರು ಸಲ’ದಲ್ಲಿದೆ.

*

ಮರುವರ್ಷವೇ ಜೇರೆಡ್ ಸ್ಪೂಲ್ ಮತ್ತು ವಿಲ್ ಶ್ರೋಡರ್ ಎದುರುವಾದ ಹೂಡಿದರು. ಅವರು ನೋಡಿದ ಮಾರಾಟದ ತಾಣಗಳಲ್ಲಿ ಮೊದಲ ಐವರಿಂದ ಹೊರಬಂದದ್ದು ಶೇ 35ರಷ್ಟು ತೊಡಕು ಮಾತ್ರ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು ಎನ್ನುತ್ತೇವೆ. ಎಲ್ಲ ಅಗುಳೂ ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ ಬೆಂದಿರುವುದರಿಂದ ಆ ಮಾತು ನಿಜ. ಬೀದರಿನ ಹೈಸ್ಕೂಲು ಮೇಷ್ಟ್ರು, ಮಡಿಕೇರಿಯ ತೋಟದ ಕಾರ್ಮಿಕ, ಬೆಂಗಳೂರಿನಲ್ಲಿ ಡೆಲಿವರಿ ಮಾಡುವ ಹುಡುಗ ಹಾಗೆ ಒಂದೇ ಪಾತ್ರೆಯಲ್ಲಿ ಬೆಂದವರಲ್ಲ. ಸಂಖ್ಯೆಯ ಬಗ್ಗೆ ಜಗಳವಾಡುವುದಕ್ಕಿಂತ ಮುಂದಿನ ತಿಂಗಳು ಯಾರನ್ನು ಕರೆಯುವುದು ಎಂದು ಬರೆದಿಡುವುದು ಒಳ್ಳೆಯದು.

*

‘ಸಾರ್ವಜನಿಕರು’ ಎಂದಷ್ಟೇ ಬರೆದ ಯೋಜನೆಯಲ್ಲಿ ಕರೆಯಬೇಕಾದವರ ಹೆಸರೇ ಇಲ್ಲ.

*

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ–17 ವಿಮಾನಗಳು ಸುರಕ್ಷಿತವಾಗಿ ನೆಲಕ್ಕಿಳಿದ ಮೇಲೆ ಚಕ್ರ ಮಡಚಿಕೊಂಡು ಹೊಟ್ಟೆಯ ಮೇಲೆ ಕುಸಿಯುತ್ತಿದ್ದವು. ಕಡತದಲ್ಲಿ ಪೈಲಟ್ ತಪ್ಪೆಂದು ಬರೆಯಲಾಗುತ್ತಿತ್ತು. ಆಲ್ಫಾನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞರು ಪೈಲಟ್‌ಗಳನ್ನು ಬಿಟ್ಟು ಅವರು ಕೂರುವ ಜಾಗವನ್ನು ನೋಡಿದರು. ಚಕ್ರದ ಸ್ವಿಚ್ಚು, ರೆಕ್ಕೆಯ ಫ್ಲ್ಯಾಪ್ ಸ್ವಿಚ್ಚು ಎರಡೂ ಒಂದೇ ರೂಪ, ಅಕ್ಕಪಕ್ಕದಲ್ಲಿ. ದಣಿದು ಇಳಿದವನ ಕೈ ಫ್ಲ್ಯಾಪ್ ಎಂದುಕೊಂಡು ಚಕ್ರವನ್ನು ಎಳೆಯುತ್ತಿತ್ತು. ಒಂದರ ತುದಿಗೆ ಪುಟ್ಟ ರಬ್ಬರ್ ಚಕ್ರ, ಇನ್ನೊಂದಕ್ಕೆ ಬೆಣೆಯಾಕಾರದ ತುಂಡು ಕೂರಿಸಿದರು. ಕೈ ಮುಟ್ಟಿದರೆ ಸಾಕು, ಯಾವುದೆಂದು ಗೊತ್ತಾಗುವ ಹಾಗೆ. ಬಳಕೆಯ ಪರೀಕ್ಷೆ ನಡೆಸುವ ಕೋಣೆಯಲ್ಲಿ ಗೋಡೆಗೆ ಏನಾದರೂ ತೂಗುಹಾಕಬೇಕೆಂದಿದ್ದರೆ ಆ ಎರಡು ಹಿಡಿಗಳ ಚಿತ್ರ ಹಾಕಬಹುದು.

*

ನಮ್ಮವರು ಪುಟ ಕೈಕೊಟ್ಟಾಗ ಹೇಳುವ ಮೊದಲ ಮಾತು ‘ನನಗೆ ಇದೆಲ್ಲ ತಿಳಿಯಲ್ಲ ಸರ್’. ಪರೀಕ್ಷೆ ಎಂದ ಕೂಡಲೇ ಶಾಲೆಯ ನೆನಪಾಗಿ ಬೆನ್ನು ನೇರವಾಗುತ್ತದೆ. ಆದ್ದರಿಂದ ಕೂತ ತಕ್ಷಣ, ಮೊಬೈಲು ಕೈಗೆ ಕೊಡುವ ಮುಂಚೆಯೇ ಹೇಳಬೇಕು: ‘ಪರೀಕ್ಷೆ ನಿಮಗಲ್ಲಮ್ಮ, ಈ ಪುಟಕ್ಕೆ. ಎಲ್ಲಿ ತಡೆಯುತ್ತೋ ಅಲ್ಲಿ ನಾವು ಕಟ್ಟಿದ್ದು ಸರಿಯಿಲ್ಲ ಅಂತ ಅರ್ಥ.’ ಒಮ್ಮೆ ಹೇಳಿದರೆ ಸಾಲದು. ಅವರು ‘ನನ್ನದೇ ತಪ್ಪು’ ಅಂದಾಗಲೆಲ್ಲ ಹೇಳಬೇಕು.

*

ಹುಟ್ಟಿದ ದಿನಾಂಕದ ಚೌಕ. ಐವತ್ತು ದಾಟಿದ ಹೆಂಗಸು ಬೆರಳಿಟ್ಟ ಕೂಡಲೇ ಕ್ಯಾಲೆಂಡರ್ ತೆರೆದುಕೊಳ್ಳುತ್ತದೆ, ಈ ತಿಂಗಳಿನದು. ಎಡಕ್ಕೊಂದು ಬಾಣ. ಒತ್ತುತ್ತಾರೆ, ಹಿಂದಿನ ತಿಂಗಳು. ಮತ್ತೆ ಒತ್ತುತ್ತಾರೆ. ಮೇಲಿರುವ ಇಸವಿಯ ಮೇಲೆ ಬೆರಳಿಟ್ಟರೆ ಇಸವಿಗಳ ಪಟ್ಟಿಯೇ ಬರುತ್ತದೆಂದು ಅವರಿಗೆ ಯಾರೂ ಹೇಳಿಲ್ಲ, ಅದು ಒತ್ತುವ ಜಾಗದಂತೆ ಕಾಣುವುದೂ ಇಲ್ಲ. 1968ರಲ್ಲಿ ಹುಟ್ಟಿದವರು ಈ ಬಾಣವನ್ನೇ ನಂಬಿಕೊಂಡರೆ 600ಕ್ಕೂ ಹೆಚ್ಚು ಸಲ ಒತ್ತಬೇಕು. ಅವರು ಒತ್ತುತ್ತಲೇ ಹೋಗುತ್ತಾರೆ, ಬೇಸರವನ್ನೂ ತೋರಿಸುವುದಿಲ್ಲ. ಸರ್ಕಾರದ ಕೆಲಸ ಎಂದರೆ ಹೀಗೇ ಇರುತ್ತದೆ ಎಂದು ಒಪ್ಪಿಕೊಂಡವರ ತಾಳ್ಮೆ ಅದು. ಪಕ್ಕದಲ್ಲಿ ನಿಂತು ನೋಡುತ್ತಿರುವ ಪ್ರೋಗ್ರಾಮರ್ ಹುಡುಗ ತಡೆಯಲಾರದೆ ನೋಟ ತಗ್ಗಿಸುತ್ತಾನೆ. ದಿನ, ತಿಂಗಳು, ಇಸವಿ ಎಂದು ಮೂರು ಖಾಲಿ ಚೌಕ ಇಟ್ಟರೆ ಎಂಟು ಅಂಕಿಯಲ್ಲಿ ಮುಗಿಯುವ ಕೆಲಸ. ಇದನ್ನು ಯಾವ ಸಭೆಯೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

*

ಜಿಲ್ಲೆಗಳ ಪಟ್ಟಿ ಕನ್ನಡದಲ್ಲಿರುತ್ತದೆ, ಅದರ ಸಾಲು ಇಂಗ್ಲಿಷಿನದಾಗಿರುತ್ತದೆ. ಬಾಗಲಕೋಟೆ, ಬಳ್ಳಾರಿ, ಬೆಳಗಾವಿ ಮೊದಲು ಬಂದು, ಉಡುಪಿ ಮತ್ತು ಉತ್ತರ ಕನ್ನಡ 31ರಲ್ಲಿ 27, 28ನೆಯವಾಗಿ ತಳದಲ್ಲಿರುತ್ತವೆ. ಕನ್ನಡ ಓದುವ ಕಣ್ಣು ಉಕಾರವನ್ನು ಮೇಲೆ ಹುಡುಕುತ್ತದೆ. ಕಾರವಾರದಿಂದ ಬಂದವರು ಪಟ್ಟಿಯ ತಲೆಯಲ್ಲಿ ತಮ್ಮ ಜಿಲ್ಲೆ ಕಾಣದೆ, ಒಂದಿಷ್ಟು ಕೆಳಕ್ಕೆ ಸರಿಸಿ, ಮತ್ತೆ ಮೇಲಕ್ಕೆ ಬಂದು, ‘ನಮ್ಮ ಜಿಲ್ಲೆಗೆ ಇನ್ನೂ ಈ ಸೌಲಭ್ಯ ಬಂದಿಲ್ಲವೇನೋ’ ಎನ್ನುತ್ತಾರೆ. ಗ್ರಾಮಗಳ ಪಟ್ಟಿಗೆ ಬಂದಾಗ ಈ ಕಷ್ಟ ಹತ್ತು ಪಟ್ಟು. ಪಟ್ಟಿ ಮಾಡಿದವನ ಮನಸ್ಸಿನಲ್ಲಿ ಯಾವ ಅಕ್ಷರಮಾಲೆ ಇತ್ತೆಂಬುದು ಓದುವವನ ಬೆರಳಿನಲ್ಲಿ ಬಯಲಾಗುತ್ತದೆ.

*

‘ಮೊದಲ ಹೆಸರು’, ‘ಕೊನೆಯ ಹೆಸರು’ ಎರಡನ್ನೂ ಕಡ್ಡಾಯ ಮಾಡಿದ ಫಾರಂ ಮುಂದೆ ಒಂದೇ ಹೆಸರಿನ ಅಜ್ಜಿಯನ್ನು ಕೂರಿಸಿ ನೋಡಿ. ಕೆಲವರು ಚುಕ್ಕಿ ಹಾಕುತ್ತಾರೆ, ಕೆಲವರು ಇದ್ದ ಹೆಸರನ್ನೇ ಎರಡು ಸಲ ಬರೆಯುತ್ತಾರೆ, ಕೆಲವರು ಗಂಡನ ಹೆಸರು ಸೇರಿಸುತ್ತಾರೆ. ಪುಟ ಒಪ್ಪಿಕೊಳ್ಳುತ್ತದೆ. ಆರು ತಿಂಗಳಾದ ಮೇಲೆ ಬ್ಯಾಂಕಿನಲ್ಲಿ, ಆಧಾರಿನೊಡನೆ ಹೆಸರು ಹೊಂದುತ್ತಿಲ್ಲ ಎಂದು ವಾಪಸು ಕಳಿಸುತ್ತಾರೆ. ತಪ್ಪು ನಡೆದ ಜಾಗ ಒಂದು, ನೋವಾಗುವ ಜಾಗ ಇನ್ನೊಂದು. ಪರೀಕ್ಷೆಯನ್ನು ‘ಅರ್ಜಿ ಸಲ್ಲಿಕೆಯಾಗಿದೆ’ ಎಂಬ ಹಸಿರು ಅಕ್ಷರದಲ್ಲೇ ನಿಲ್ಲಿಸುವವರಿಗೆ ಈ ತಪ್ಪು ಎಂದೂ ಕಾಣುವುದಿಲ್ಲ.

*

ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಇತ್ತು. ಲೆಕ್ಕ ಕೇಳಿದರೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ಎಂಬ ಮನಶ್ಶಾಸ್ತ್ರಜ್ಞರು ಕಂಡುಹಿಡಿದದ್ದು ಇದು: ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಾಗುತ್ತಿರಲಿಲ್ಲ. ಸರಿಯಾದ ಸಂಖ್ಯೆ ಹತ್ತಿರ ಬಂದಾಗ ಕೇಳುವವರ ತಲೆ, ಮೈ ಅವರಿಗೇ ತಿಳಿಯದಂತೆ ಚೂರು ಅಲುಗುತ್ತಿತ್ತು. ಅದನ್ನು ನೋಡಿ ಕುದುರೆ ನಿಲ್ಲಿಸುತ್ತಿತ್ತು. ಯಾರೂ ಮೋಸ ಮಾಡಿರಲಿಲ್ಲ. ಪರೀಕ್ಷೆಯಲ್ಲಿ ಪಕ್ಕಕ್ಕೆ ಕೂತವರ ಕಣ್ಣು ಸರಿಯಾದ ಬಟನ್‌ನತ್ತ ಹೊರಳಿದರೂ ಹೀಗೇ ಆಗುತ್ತದೆ. ಬಂದವರ ಬೆರಳು ಆ ಕಣ್ಣನ್ನು ಹಿಂಬಾಲಿಸುತ್ತದೆ, ಪುಟ ಪಾಸಾಯಿತೆಂದು ನಾವು ಬರೆದುಕೊಳ್ಳುತ್ತೇವೆ. ಕಟ್ಟಿದವನನ್ನು ಆ ಕುರ್ಚಿಯಿಂದ ದೂರವಿಡಬೇಕಾದ್ದು ಅವನು ಕೆಟ್ಟವನೆಂದಲ್ಲ. ಅವನಿಗೆ ಉತ್ತರ ಗೊತ್ತಿದೆ.

*

ಸಹಾಯ ಮಾಡಬೇಕೆನ್ನುವ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುವುದು ಕಷ್ಟದ ವಿದ್ಯೆ. ಆ ಕ್ಷಣ ನೆರವಾದರೆ ಒಬ್ಬರ ಕೆಲಸ ಆಗುತ್ತದೆ. ಸುಮ್ಮನಿದ್ದು ಬರೆದುಕೊಂಡರೆ, ಆಮೇಲೆ ಬರುವ ಲಕ್ಷ ಜನರಿಗೆ ನೆರವೇ ಬೇಕಾಗುವುದಿಲ್ಲ.

*

‘ಈಗ ಏನು ನೋಡ್ತಾ ಇದ್ದೀರಿ? ಏನು ಹುಡುಕ್ತಾ ಇದ್ದೀರಿ?’ ಎಂದು ಕೇಳಬಹುದು. ‘ಯಾಕೆ ಹಾಗೆ ಮಾಡಿದಿರಿ?’ ಎಂದು ಕೇಳಬಾರದು. ಮನಶ್ಶಾಸ್ತ್ರ ಸಂಶೋಧಕರಾದ ಆಂಡರ್ಸ್ ಎರಿಕ್ಸನ್ ಮತ್ತು ಹರ್ಬರ್ಟ್ ಸೈಮನ್ 1980ರಲ್ಲಿ ತೋರಿಸಿಕೊಟ್ಟಂತೆ, ಮನಸ್ಸಿನಲ್ಲಿ ಆ ಗಳಿಗೆ ಇರುವುದನ್ನು ಹೇಳುತ್ತಾ ಹೋಗುವುದರಿಂದ ಯೋಚನೆಯ ದಾರಿ ಹೆಚ್ಚು ಬದಲಾಗುವುದಿಲ್ಲ. ಕಾರಣ ಕೊಡು ಎಂದರೆ ಬದಲಾಗುತ್ತದೆ. ಕಾರಣ ಕೇಳಿದರೆ ಮನುಷ್ಯ ಕಾರಣ ಕಟ್ಟುತ್ತಾನೆ. ಅದರಲ್ಲೂ ನಮ್ಮಲ್ಲಿ ‘ಯಾಕೆ’ ಎಂದರೆ ಗದರಿದಂತೆಯೇ ಕೇಳಿಸುತ್ತದೆ.

*

‘ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಿ’ ಎಂಬ ಬಟನ್ ಇರುವ ಪುಟದಲ್ಲಿ ‘ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಿ’ ಎಂದೇ ಕೆಲಸ ಕೊಟ್ಟರೆ, ನಾವು ಪರೀಕ್ಷಿಸಿದ್ದು ಅವರಿಗೆ ಓದಲು ಬರುತ್ತದೆಯೇ ಎಂಬುದನ್ನು. ‘ನಿಮ್ಮ ಮಗಳಿಗೆ ಕಾಲೇಜಿನಲ್ಲಿ ಫೀಸು ಕಡಿಮೆ ಮಾಡ್ತೀವಿ, ಮನೆಯ ವರಮಾನದ ಕಾಗದ ತನ್ನಿ ಅಂದಿದ್ದಾರೆ. ಈಗ ಏನು ಮಾಡ್ತೀರಿ?’ ಎಂದು ಕೇಳಿ. ಜನರ ಬದುಕಿನಲ್ಲಿ ಅಗತ್ಯ ಬರುವುದು ಈ ರೂಪದಲ್ಲಿ. ಇಂಥ ಕೆಲಸಗಳನ್ನು ಕೋಣೆಯಲ್ಲಿ ಕೂತು ಹೊಸೆಯಬೇಕಾಗಿಲ್ಲ. ಸಹಾಯವಾಣಿಗೆ ಬರುವ ಕರೆಗಳನ್ನು ಒಂದು ವಾರ ಕೇಳಿದರೆ ವರ್ಷಕ್ಕಾಗುವಷ್ಟು ಸಿಗುತ್ತವೆ.

*

ಹುಡುಕುವ ಚೌಕದಲ್ಲಿ ಒಬ್ಬರು ಪಹಣಿ ಎಂದು ಕನ್ನಡದಲ್ಲಿ ಬರೆಯುತ್ತಾರೆ. ಇನ್ನೊಬ್ಬರು ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ. ಮತ್ತೊಬ್ಬರು ಆರ್‌ಟಿಸಿ, ಮಗದೊಬ್ಬರು ಉತಾರ. ನಾಲ್ವರನ್ನೂ ಒಂದೇ ಪುಟಕ್ಕೆ ಕರೆದೊಯ್ಯದ ತಾಣ, ನಾಲ್ವರಲ್ಲಿ ಮೂವರನ್ನು ಬಾಗಿಲಿಂದಲೇ ಕಳಿಸುತ್ತದೆ. ಪ್ರತಿ ತಿಂಗಳ ಪರೀಕ್ಷೆಯಿಂದ ತಪ್ಪದೆ ಉಳಿಸಿಕೊಳ್ಳಬೇಕಾದ ಒಂದು ಕಾಗದವೆಂದರೆ ಜನ ಆ ಚೌಕದಲ್ಲಿ ಬರೆದ ಮಾತುಗಳ ಪಟ್ಟಿ.

*

ಎದುರಿಗೆ ಕೂತವರನ್ನು ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎನ್ನುತ್ತಾರೆ. ಕಾಫಿ ಕೊಟ್ಟವರನ್ನು ನೋಯಿಸಬಾರದೆಂಬ ಸಂಸ್ಕಾರ ನಮ್ಮದು. ಮಾತು ಹಾಗೆ ಮರ್ಯಾದೆ ಕಾಯುತ್ತದೆ. ಹೆಬ್ಬೆರಳು ಕಾಯುವುದಿಲ್ಲ: ಪರದೆಯ ಮೇಲೆ ಗಾಳಿಯಲ್ಲೇ ನಿಂತು, ಇಳಿಯಲೋ ಬೇಡವೋ ಎಂದು ಸುತ್ತುತ್ತಿರುತ್ತದೆ. ಬರೆದುಕೊಳ್ಳಬೇಕಾದದ್ದು ಅದನ್ನು.

*

ಐವರಲ್ಲಿ ಮೂವರಿಗೆ ಆಗಲಿಲ್ಲ ಎನ್ನಿ. ಶೇ 60 ಎನ್ನಬೇಡಿ. ಸಣ್ಣ ಪರೀಕ್ಷೆಯ ಕೆಲಸ ತೊಡಕನ್ನು ತೋರಿಸುವುದು, ಅದನ್ನು ಅಳೆಯುವುದಲ್ಲ.

*

ಅಳೆಯಲೇಬೇಕೆಂದರೆ ಅದಕ್ಕೆ ಬೇರೆ ದಿನ ಇಡಿ, ಹೆಚ್ಚು ಜನರನ್ನು ಕರೆಯಿರಿ. 1986ರಲ್ಲಿ ಜಾನ್ ಬ್ರೂಕ್ ರೂಪಿಸಿದ ಹತ್ತು ಹೇಳಿಕೆಗಳ ಮಾಪಕವನ್ನು ಇಂದಿಗೂ ಪ್ರಪಂಚವೆಲ್ಲ ಬಳಸುತ್ತದೆ. ಪೂರ್ತಿ ಒಪ್ಪುತ್ತೇನೆ ಎಂಬಲ್ಲಿಂದ ಕೊಂಚವೂ ಒಪ್ಪುವುದಿಲ್ಲ ಎಂಬವರೆಗೆ ಐದು ಮೆಟ್ಟಿಲು, ಕೊನೆಗೆ ನೂರಕ್ಕೆ ಇಷ್ಟು ಎಂಬ ಅಂಕ. ಸಾಮಾನ್ಯವಾಗಿ 68ರ ಆಸುಪಾಸನ್ನು ಸರಾಸರಿ ಎಂದು ಹಿಡಿಯುತ್ತಾರೆ. ಈ ಅಂಕ ಶೇಕಡಾವಾರು ಅಲ್ಲ ಎಂಬುದನ್ನು ಮೇಲಧಿಕಾರಿಗಳಿಗೆ ಮೊದಲೇ ತಿಳಿಸಿಬಿಡಬೇಕು. ಇಲ್ಲದಿದ್ದರೆ 68 ಎಂದರೆ ಫಸ್ಟ್ ಕ್ಲಾಸ್ ಎಂದು ಎಲ್ಲರೂ ಸಮಾಧಾನಪಟ್ಟುಕೊಳ್ಳುತ್ತಾರೆ. ವರ್ಷಕ್ಕೆ ಎರಡು ಸಲ, ಅದೇ ಹತ್ತು ಹೇಳಿಕೆ, ಅದೇ ಕನ್ನಡ. ಒಂದು ಪದ ಬದಲಾದರೂ ಹಿಂದಿನ ಅಂಕದೊಡನೆ ಹೋಲಿಸುವ ಹಕ್ಕು ಹೋಯಿತು.

*

2013ರ ಅಕ್ಟೋಬರ್ 1ರಂದು ಅಮೆರಿಕದ ಆರೋಗ್ಯವಿಮೆಯ ಸರ್ಕಾರಿ ತಾಣ ಹೆಲ್ತ್‌ಕೇರ್ ಡಾಟ್ ಗವ್ ತೆರೆಯಿತು. ಮೊದಲ ದಿನ ಅದರಲ್ಲಿ ಕೊನೆಯವರೆಗೂ ಹೋಗಿ ವಿಮೆಗೆ ಸೇರಿದವರು ಆರು ಜನ. ಜನಸಂದಣಿಯ ಭಾರ ಒಂದು ಕಾರಣ. ಇನ್ನೊಂದು ಕಾರಣವನ್ನು ಯಾವ ಪರೀಕ್ಷೆಯಾದರೂ ಮೊದಲ ಗಂಟೆಯಲ್ಲೇ ಹೇಳುತ್ತಿತ್ತು: ದರ ನೋಡಬೇಕೆಂದರೂ ಮೊದಲು ಖಾತೆ ತೆರೆಯಲೇಬೇಕಿತ್ತು. ಸುಮ್ಮನೆ ನೋಡಿಹೋಗಲು ಬಂದವರೆಲ್ಲ ಒಂದೇ ಇಕ್ಕಟ್ಟಾದ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡರು. ಎಲ್ಲ ಭಾಗಗಳನ್ನೂ ಸೇರಿಸಿ ಮೊದಲಿನಿಂದ ಕೊನೆಯವರೆಗೆ ಓಡಿಸಿ ನೋಡಿದ್ದು ಕೊನೆಯ ಎರಡು ವಾರಗಳಲ್ಲಿ ಎಂದು ಗುತ್ತಿಗೆದಾರರು ಆಮೇಲೆ ಅಮೆರಿಕದ ಸಂಸತ್ತಿನ ಸಮಿತಿಯೆದುರು ಹೇಳಿದರು.

*

ಬಿಡಿ ಪುಟಗಳೆಲ್ಲ ಚೆನ್ನಾಗಿದ್ದೂ ದಾರಿ ಕೆಟ್ಟಿರಬಹುದು. ಜನ ಬರುವುದು ಪುಟ ನೋಡಲಿಕ್ಕಲ್ಲ, ದಾಟಿಹೋಗಲಿಕ್ಕೆ.

*

ಕಚೇರಿಯ ವೈಫೈನಲ್ಲಿ, ಹೊಸ ಲ್ಯಾಪ್‌ಟಾಪ್‌ನಲ್ಲಿ ಪಾಸಾದ ತಾಣ ಇನ್ನೂ ಪರೀಕ್ಷೆಗೆ ಕೂತೇ ಇಲ್ಲ. ಪರದೆಗೆ ಗೀರು ಬಿದ್ದ, ಮೆಮೊರಿ ತುಂಬಿದ, ಅಕ್ಷರ ದೊಡ್ಡದು ಮಾಡಿಟ್ಟುಕೊಂಡ ಅವರದೇ ಮೊಬೈಲು ತರಲು ಹೇಳಬೇಕು. ಓಟಿಪಿ ಬರುವ ನಂಬರು ಮಗನ ಫೋನಿನದು, ಮಗ ಬೆಂಗಳೂರಿನಲ್ಲಿ. ಫೋನು ಮಾಡಿ, ಅವನು ಎತ್ತಿ, ಆರು ಅಂಕಿ ಹೇಳಿ, ಇವರು ಕಾಗದದ ಮೇಲೆ ಬರೆದುಕೊಂಡು ಪುಟಕ್ಕೆ ಮರಳುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ತುಂಬಿದ್ದೆಲ್ಲ ಅಳಿಸಿಹೋಗಿರುತ್ತದೆ. ಗಡುವು ಇಟ್ಟವರು ಫೋನು, ನಂಬರು, ಮನುಷ್ಯ ಮೂರೂ ಒಂದೇ ಕಡೆ ಇರುತ್ತವೆಂದು ಎಣಿಸಿದ್ದರು.

*

ಫೋಟೊ 50 ಕೆಬಿ ಮೀರಬಾರದು ಎನ್ನುವ ಪುಟ, 3 ಎಂಬಿಯ ಫೋಟೊ ತೆಗೆಯುವ ಫೋನಿನಲ್ಲಿ ತೆರೆದುಕೊಂಡಿರುತ್ತದೆ. ಈ ಒಂದು ಸಾಲಿನಿಂದಾಗಿ ಸೈಬರ್ ಸೆಂಟರ್‌ಗೆ ನಡೆದು ಹೋಗುವವರನ್ನು ಯಾರು ಎಣಿಸಿದ್ದಾರೆ? ಚಿಕ್ಕದು ಮಾಡುವ ಕೆಲಸವನ್ನು ತಾಣವೇ ಮಾಡಿಕೊಳ್ಳಬಹುದು.

*

ಗ್ರಾಮ ಒನ್ ಕೇಂದ್ರಕ್ಕೆ ಹೋಗಿ ಮೇಜಿನ ಎರಡೂ ಬದಿಯಲ್ಲಿ ಒಂದೊಂದು ಗಂಟೆ ಕೂತುಬನ್ನಿ. ಪರದೆ ನೋಡುವವರು ಒಬ್ಬರು, ಅರ್ಜಿ ಹಾಕುವವರು ಇನ್ನೊಬ್ಬರು. ಆಪರೇಟರ್ ದಿನಕ್ಕೆ ಹತ್ತಾರು ಅರ್ಜಿ ತುಂಬುತ್ತಾರೆ. ಅವರಿಗೆ ಬೇಕಾದದ್ದು ವೇಗ, ಮೌಸ್ ಮುಟ್ಟದೆ ಚೌಕದಿಂದ ಚೌಕಕ್ಕೆ ಹೋಗುವ ದಾರಿ. ಎದುರಿಗೆ ಕೂತವರಿಗೆ ಬೇಕಾದದ್ದು, ತಮ್ಮ ಹೆಸರಿನಲ್ಲಿ ಏನು ಬರೆಯಲಾಯಿತೆಂದು ಒಮ್ಮೆ ನೋಡುವ ಅವಕಾಶ. ಅವರ ಕಡೆಗೆ ಪರದೆ ತಿರುಗಿಸಿ ತೋರಿಸುವಂಥ ಒಂದು ಪುಟ, ದೊಡ್ಡ ಅಕ್ಷರದಲ್ಲಿ, ಅವರ ಕನ್ನಡದಲ್ಲಿ, ಬಹಳ ತಾಣಗಳಲ್ಲಿ ಇಲ್ಲವೇ ಇಲ್ಲ. ಬಳಕೆದಾರ ಎಂದರೆ ಕೀಲಿಮಣೆ ಮುಟ್ಟುವವನು ಎಂದು ತಿಳಿದಿದ್ದರಿಂದ ಹೀಗಾಗಿದೆ. ವರ್ಷದ ಯೋಜನೆಯಲ್ಲಿ ಎರಡು ತಿಂಗಳಾದರೂ ಪರೀಕ್ಷೆ ಈ ಮೇಜಿನ ಬಳಿಯೇ ನಡೆಯಬೇಕು.

*

ಕಣ್ಣು ಕಾಣದವರನ್ನು ವರ್ಷಕ್ಕೊಮ್ಮೆ ‘ವಿಶೇಷ ಪರೀಕ್ಷೆ’ಗೆ ಕರೆಯುವ ರೂಢಿ ನಿಲ್ಲಲಿ. ಮೂರು ಕುರ್ಚಿಗಳಲ್ಲಿ ಆಗಾಗ ಒಂದು ಅವರದಾಗಲಿ. ಮೈಕಲ್ ಕರನ್ ಎಂಬ ದೃಷ್ಟಿಯಿಲ್ಲದ ಆಸ್ಟ್ರೇಲಿಯಾದ ಯುವಕ 2006ರಲ್ಲಿ ಬರೆಯಲು ತೊಡಗಿದ ಎನ್‌ವಿಡಿಎ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಅದನ್ನು ಹಾಕಿಕೊಂಡು, ಪರದೆ ಆರಿಸಿ, ತಂಡದವರು ತಮ್ಮದೇ ಫಾರಂ ಒಮ್ಮೆ ತುಂಬಲಿ. ‘ಬಟನ್, ಬಟನ್, ಬಟನ್’ ಎಂದಷ್ಟೇ ಕೇಳಿಸುವ ಪುಟದಲ್ಲಿ ಯಾವುದನ್ನು ಒತ್ತುವುದು? ಚಿತ್ರ ನೋಡಿ ಅಕ್ಷರ ಬರೆಯಿರಿ ಎನ್ನುವ ಕ್ಯಾಪ್ಚಾ, ತಾವು ರೋಬಾಟ್ ಅಲ್ಲವೆಂದು ಸಾಬೀತುಮಾಡಲು ಕಣ್ಣು ಕಾಣದವರಿಗೆ ದಾರಿಯನ್ನೇ ಕೊಡುವುದಿಲ್ಲ.

*

ಇಂಗ್ಲಿಷ್ ಅಕ್ಷರಕ್ಕೆ ಅಳೆದು ಮಾಡಿದ ಬಟನ್‌ನಲ್ಲಿ ನಮ್ಮ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತದೆ. ‘ಸ್ತ್ರೀ’, ‘ರಾಷ್ಟ್ರ’ ಎಂದು ಬರೆದು ಪ್ರತಿ ಚೌಕದಲ್ಲೂ ಇಟ್ಟು ನೋಡಿ. ಇದಕ್ಕೆ ಬಳಕೆದಾರರೂ ಬೇಕಿಲ್ಲ, ಎರಡು ನಿಮಿಷ ಸಾಕು.

*

ನೋಡುವವರಿಲ್ಲದ ಪರೀಕ್ಷೆಯಿಂದ ವರದಿ ಹುಟ್ಟುತ್ತದೆ, ಬದಲಾವಣೆ ಹುಟ್ಟುವುದಿಲ್ಲ. ಸ್ಪೂಲ್ ಹಾಕಿಕೊಟ್ಟ ಅಳತೆಯೊಂದಿದೆ: ತಂಡದ ಪ್ರತಿಯೊಬ್ಬರೂ ಆರು ವಾರಕ್ಕೊಮ್ಮೆ ಎರಡು ಗಂಟೆಯಾದರೂ ಬಳಸುವವರನ್ನು ಕಣ್ಣಾರೆ ನೋಡಬೇಕು. ಪ್ರತಿಯೊಬ್ಬರೂ ಎಂದರೆ ಪ್ರೋಗ್ರಾಮರ್, ಕನ್ನಡ ಅನುವಾದ ಮಾಡಿದವರು, ನಿಯಮ ಬರೆದ ಅಧಿಕಾರಿ, ಬಿಲ್ಲಿಗೆ ಸಹಿ ಹಾಕುವವರು. ಮುಖ್ಯವಾಗಿ ಆ ನಿಯಮ ಬರೆದವರು. ಪುಟದ ಎಷ್ಟೋ ತೊಡಕುಗಳ ಬೇರು ಪುಟದಲ್ಲಿರುವುದಿಲ್ಲ, ಸುತ್ತೋಲೆಯಲ್ಲಿರುತ್ತದೆ.

*

ನೋಡಲು ಬಂದವರಿಗೆ ಒಂದೊಂದು ಹಾಳೆ ಕೊಟ್ಟು, ತಮಗೆ ಕಂಡ ಮೂರೇ ಮೂರು ದೊಡ್ಡ ತೊಡಕು ಬರೆಯಲು ಹೇಳಿ. ಊಟದ ಹೊತ್ತಿಗೆ ಹಾಳೆಗಳನ್ನು ಜೋಡಿಸಿದರೆ ವಾದಕ್ಕೆ ಹೆಚ್ಚು ಜಾಗ ಉಳಿದಿರುವುದಿಲ್ಲ.

*

ತಿದ್ದುವಾಗ ಆಸೆ ದೊಡ್ಡದಾಗುತ್ತದೆ: ‘ಹೇಗೂ ಕೈಹಾಕಿದ್ದೇವೆ, ಪುಟವನ್ನೇ ಹೊಸದಾಗಿ ಮಾಡಿಬಿಡೋಣ.’ ಹಾಗೆಂದವರು ಮುಂದಿನ ತಿಂಗಳ ಪರೀಕ್ಷೆಗೆ ಹಳೆಯ ಪುಟವನ್ನೇ ತರುತ್ತಾರೆ, ಹೊಸದು ಮುಗಿದಿರುವುದಿಲ್ಲ. ಅತ್ಯಂತ ಸಣ್ಣ ತಿದ್ದುಪಡಿಯಿಂದ ಆ ತೊಡಕು ನಿಲ್ಲುತ್ತದೆಯೇ ಎಂದು ಮೊದಲು ನೋಡಬೇಕು. 2002ರಲ್ಲಿ ಮೈಕ್ರೋಸಾಫ್ಟ್‌ನ ಮೈಕಲ್ ಮೆಡ್‌ಲಾಕ್ ಮತ್ತು ಸಂಗಡಿಗರು ವಿವರಿಸಿದ ಕ್ರಮದಲ್ಲಿ, ಕಾರಣ ಮತ್ತು ಪರಿಹಾರ ಸ್ಪಷ್ಟವಾಗಿದ್ದರೆ ಒಬ್ಬ ಬಳಕೆದಾರ ಎದ್ದುಹೋಗಿ ಇನ್ನೊಬ್ಬ ಬರುವುದರೊಳಗೇ ತಿದ್ದಿಬಿಡುತ್ತಿದ್ದರು. ಏಜ್ ಆಫ್ ಎಂಪೈರ್ಸ್ 2 ಎಂಬ ಕಂಪ್ಯೂಟರ್ ಆಟದ ಕಲಿಕಾಪಾಠವನ್ನು ಅವರು ಹಾಗೆ ಹದಕ್ಕೆ ತಂದದ್ದು. ತಿದ್ದಿದ್ದು ಸರಿಹೋಯಿತೇ ಎಂದು ಮುಂದಿನವರೇ ತೋರಿಸಿಕೊಡುತ್ತಾರೆ.

*

ತಿದ್ದಿದ್ದನ್ನು ಮರುಪರೀಕ್ಷಿಸದಿದ್ದರೆ ತಿದ್ದಿದಂತಾಗಲಿಲ್ಲ, ಬದಲಾಯಿಸಿದಂತಾಯಿತು.

*

ಎಷ್ಟು ಜನ ಮೂರನೇ ಪುಟದಿಂದ ಹಿಂದಿರುಗಿದರೆಂದು ಸರ್ವರ್‌ನ ಅಂಕಿಗಳು ಹೇಳುತ್ತವೆ. ಯಾಕೆಂದು ಪರೀಕ್ಷೆಯ ಕುರ್ಚಿಯಲ್ಲಿ ಕೂತವರು ಹೇಳುತ್ತಾರೆ. ಅಂಕಿ ನೋಡಿ ಪುಟ ಆರಿಸಿಕೊಳ್ಳಿ, ಮನುಷ್ಯರನ್ನು ನೋಡಿ ತಿದ್ದಿ.

*

ಪರೀಕ್ಷೆಗೂ ಋತುವಿದೆ. ಮೇ–ಜೂನ್‌ನಲ್ಲಿ ಕಾಲೇಜು ಸೇರುವ ಹುಡುಗರು ಪ್ರಮಾಣಪತ್ರಕ್ಕೆ ಮುಗಿಬೀಳುತ್ತಾರೆ. ಆಗ ಪುಟಕ್ಕೆ ಕೈಹಾಕುವಂತಿಲ್ಲ, ನೋಡಿ ಬರೆದುಕೊಳ್ಳಬಹುದಷ್ಟೆ. ಆ ದಾರಿಯನ್ನು ಜನವರಿ–ಫೆಬ್ರುವರಿಯಲ್ಲೇ ನಡೆಸಿ ನೋಡಿರಬೇಕು. ಕೊಯ್ಲಿನ ಕಾಲದಲ್ಲಿ ರೈತರನ್ನು ಕರೆದರೆ ಬರುವುದಿಲ್ಲ. ಗೋಡೆಯ ಕ್ಯಾಲೆಂಡರ್ ನೋಡದೆ ಮಾಡಿದ ಯೋಜನೆ ಎರಡನೇ ತಿಂಗಳಿಗೇ ನಿಲ್ಲುತ್ತದೆ.

*

ಪರದೆಯನ್ನೂ ದನಿಯನ್ನೂ ದಾಖಲಿಸಿಕೊಳ್ಳುವ ಮುಂಚೆ ಅವರ ಒಪ್ಪಿಗೆ ಬೇಕು, ಅವರಿಗೆ ಅರ್ಥವಾಗುವ ಕನ್ನಡದಲ್ಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಾಗಲಿ ಓದುವ ಆಯ್ಕೆ ಕೊಡಬೇಕೆನ್ನುತ್ತದೆ. ಕಾಯ್ದೆ ಇರದಿದ್ದರೂ ಇದು ನಮ್ಮ ಕರ್ತವ್ಯವೇ. ಪರೀಕ್ಷೆಗೆ ಅವರ ನಿಜವಾದ ಆಧಾರ್ ಸಂಖ್ಯೆ ಬೇಡ, ಬದಲಿ ಸಂಖ್ಯೆ ಕೊಡಿ. ಯಾವ ದಿನ ಅಳಿಸುತ್ತೇವೆಂದು ಅದೇ ಕಾಗದದಲ್ಲಿ ಬರೆದು, ಆ ದಿನ ಅಳಿಸಿ.

*

ಬಂದವರ ಒಂದು ದಿನದ ಕೂಲಿಯನ್ನು ನಾವು ತೆಗೆದುಕೊಂಡಿರುತ್ತೇವೆ. ಚಹಾ ಬಿಸ್ಕತ್ತು ಅದಕ್ಕೆ ಸಾಟಿಯಲ್ಲ.

*

ಅಧಿಕಾರಿಗಳು ವರ್ಗವಾಗುತ್ತಾರೆ, ತಾಣ ನೋಡಿಕೊಳ್ಳುವ ಏಜೆನ್ಸಿ ಬದಲಾಗುತ್ತದೆ. ಒಬ್ಬರ ಉತ್ಸಾಹದಿಂದ ನಡೆಯುತ್ತಿದ್ದ ಪರೀಕ್ಷೆ ಅವರ ಬೀಳ್ಕೊಡುಗೆಯ ದಿನವೇ ನಿಂತುಹೋಗುತ್ತದೆ. ಗುತ್ತಿಗೆಯ ಕರಾರಿನಲ್ಲೇ ತಿಂಗಳ ಬೆಳಗನ್ನೂ, ಆ ತಿಂಗಳ ತಿದ್ದುಪಡಿಗೆ ಬೇಕಾದ ಕೆಲಸದ ಗಂಟೆಗಳನ್ನೂ ಬರೆಸಿರಬೇಕು. ಅಧಿಕಾರ ವಹಿಸಿಕೊಡುವ ಕಡತದಲ್ಲಿ ಪಾಸ್‌ವರ್ಡ್‌ಗಳ ಜೊತೆಗೆ ಇಷ್ಟು ಇರಲಿ: ಕಂಡ ತೊಡಕುಗಳ ಪಟ್ಟಿ, ಪ್ರತಿಯೊಂದರ ಎದುರು ಕಂಡ ದಿನ, ತಿದ್ದಿದ ದಿನ, ಮರುಪರೀಕ್ಷಿಸಿದ ದಿನ; ತಿದ್ದದೆ ಉಳಿದದ್ದು ಯಾವುದು, ಯಾರ ಮೇಜಿನ ಮೇಲಿದೆ; ಕರೆದರೆ ಬರುವವರು ಯಾರು, ಯಾವ ಊರಿನಿಂದ ಇನ್ನೂ ಯಾರನ್ನೂ ಕರೆದಿಲ್ಲ; ಮುಂದಿನ ಮೂರು ಪರೀಕ್ಷೆಯ ದಿನಾಂಕ, ಕೋಣೆ ಕಾಯ್ದಿರಿಸಿದ ಚೀಟಿ, ಮತ್ತು ಯಾರಾದರೂ ಬಾರದಿದ್ದರೆ ಆ ಬೆಳಗ್ಗೆ ಬಂದು ಕೂರಲು ಒಪ್ಪಿರುವ ಒಬ್ಬರ ಫೋನ್ ನಂಬರು.